ಅಕ್ಕೋರು ಹೇಳದೇ ಇದ್ದ ಮಾತು

ಅಕ್ಕೋರು ಮಸ್ಕಿಯಲ್ಲಿ ಬಸ್ಸು ಹತ್ತುತ್ತಿದ್ದರು. ನಾನು ಲಿಂಗಸುಗೂರಿನಿಂದಲೇ ಕೂತು ಬಂದವಳು; ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟು ಅವರಿಗೆ ಜಾಗ ಹಿಡಿದಿರುತ್ತಿದ್ದೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಇವರು ಸಿಂಧನೂರಿನ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿದ್ದರು. ದಪ್ಪ ದನಿ, ಅಂಚಿನಲ್ಲಿ ಸ್ವಲ್ಪ ಒಡೆದಂಥದ್ದು. ಎಂಜಿನ್ನಿನ ಸದ್ದಿನ ನಡುವೆ ಅವರು ನನಗೆ ಏನಾದರೂ ಕೇಳಿದರೆ ಹಿಂದಿನ ಸೀಟಿನವರು ಉತ್ತರ ಕೊಟ್ಟುಬಿಡುತ್ತಿದ್ದರು.

ನನ್ನ ಕೆಲಸ ಸಿಂಧನೂರಿನಲ್ಲಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಎಡದಂಡೆ ಕಾಲುವೆಯ ನೀರು ಯಾವ ತೂಬಿಗೆ ಯಾವ ಹೊತ್ತಿಗೆ ಬರುತ್ತದೆ ಎಂದು ರೈತರಿಗೆ ಫೋನು ಮಾಡಿ ಹೇಳುವ ತಂತ್ರಾಂಶವೊಂದನ್ನು ನಾನು ನೋಡಿಕೊಳ್ಳುತ್ತೇನೆ. ತುರ್ವಿಹಾಳ ಕಡೆಯ ರೈತರ ಸಂಘವೊಂದು ಅದನ್ನು ಮಾಡಿಸಿಕೊಂಡಿತ್ತು. ನೀರು ಪಾಳಿಯ ಮೇಲೆ ಬರುತ್ತದೆ. ಪಾಳಿ ಬಂದಾಗ ಹೊಲದಲ್ಲಿ ಆಳಿಲ್ಲದಿದ್ದರೆ ನೀರು ಮುಂದಿನವರ ಹೊಲಕ್ಕೆ ಹೋಗಿಬಿಡುತ್ತದೆ, ಮತ್ತೆ ತಿರುಗಿ ಬರುವವರೆಗೆ ಭತ್ತ ಕಾಯಬೇಕು. ಸಂದೇಶ ಕಳಿಸಿದರೆ ಯಾರೂ ಓದುವುದಿಲ್ಲ. ಫೋನು ಬಂದರೆ ಎತ್ತುತ್ತಾರೆ.

ಮೊದಮೊದಲು ಯಂತ್ರದ ದನಿಯನ್ನೇ ಹಾಕಿದ್ದೆವು. ಸಂಘದ ಅಧ್ಯಕ್ಷರಾದ ಗೌಡರು ಒಂದೇ ದಿನಕ್ಕೆ ಬಂದು ಕೂತರು. ಹಣೆ ತುಂಬ ವಿಭೂತಿ, ಕೈಯಲ್ಲಿ ಫೋನು.

"ಈ ಹೆಣ್ಮಗಳು ಮೊಬೈಲ್ ಕಂಪನಿಯಾಕಿ ಇದ್ದಂಗ ಅದಾಳ್ರಿ. ಅಕಿ ದನಿ ಕೇಳಿದ ಕೂಡ್ಲೆ ನಮ್ಮ ಮಂದಿ ಕಟ್ ಮಾಡ್ತಾರ. ಯಾರರ ನಮ್ಮಂಗ ಮಾತಾಡೋರ್ನ ಹುಡುಕ್ರಿ," ಅಂದರು.

ಮರುದಿನ ಬಸ್ಸಿನಲ್ಲಿ ಅಕ್ಕೋರನ್ನು ಕೇಳಿದೆ. ಅವರು ನಕ್ಕರು, ಒಪ್ಪಿದರು. ರವಿವಾರಗಳಂದು ನನ್ನ ಕೋಣೆಗೆ ಬರತೊಡಗಿದರು. ಬೀದಿಯ ಸದ್ದು ಒಳಗೆ ಬಾರದಂತೆ ಕಿಟಕಿಗಳಿಗೆ ದಪ್ಪನೆಯ ಕೌದಿ ಹೊದಿಕೆಗಳನ್ನು ಕಟ್ಟುತ್ತಿದ್ದೆವು, ಫ್ಯಾನು ಬಂದ್ ಮಾಡುತ್ತಿದ್ದೆವು. ಆ ಸೆಕೆಯಲ್ಲಿ ಕೂತು ಅವರು ಊರಿನ ಹೆಸರು, ತೂಬಿನ ಸಂಖ್ಯೆ, ವಾರ, ಹೊತ್ತು, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳುತ್ತಿದ್ದರು. "ನೀರು ಬರುತ್ತದೆ" ಎಂದು ನಾನು ಬರೆದುಕೊಟ್ಟರೆ, "ಹಂಗ ಯಾರ ಅಂತಾರವ್ವ? ನೀರ ಬರ್ತದ, ಹೊಲಕ್ಕ ಬರ್ರಿ, ಅಂತ ಹೇಳಬೇಕು," ಅನ್ನುವರು. ನಡುನಡುವೆ ಗಂಟಲು ಒಣಗಿ, "ತಡಿಯವ್ವಾ, ನೀರ ಕುಡೀತೀನಿ," ಎಂದು ತಂಬಿಗೆ ಎತ್ತುವರು. ಅದೂ ಧ್ವನಿಮುದ್ರಣವಾಗುತ್ತಿತ್ತು. ನಾನು ಯಾವುದನ್ನೂ ಅಳಿಸುತ್ತಿರಲಿಲ್ಲ.

ಬಿಡಿ ಮಾತುಗಳನ್ನು ಪೋಣಿಸಿ ತಂತ್ರಾಂಶವು ಇಡೀ ವಾಕ್ಯ ಮಾಡಿಕೊಳ್ಳುತ್ತಿತ್ತು. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಕಾಲುವೆಯ ಆ ಭಾಗದಲ್ಲೆಲ್ಲ ಅಕ್ಕೋರ ದನಿ ಗೊತ್ತಾಯಿತು. ಸಂತೆಯಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಯಾರೋ ತಿರುಗಿ ನೋಡಿ, "ನೀರಿನ ಅಕ್ಕೋರು ಹೌದಲ್ರಿ?" ಎಂದರಂತೆ. ಆ ಸುದ್ದಿಯನ್ನು ಅವರು ಬಸ್ಸಿನಲ್ಲಿ ಎರಡು ಮೂರು ಸಲ ಹೇಳಿದರು.

ಈ ತಂತ್ರಾಂಶವನ್ನು ಮೊದಲು ನಾನೂ ಒಬ್ಬ ಗೆಳತಿಯೂ ಸೇರಿ ಬರೆದಿದ್ದೆವು. ಗೆಳತಿ ಬೇರೆ ಕೆಲಸಕ್ಕೆ ಹೋದಳು. ಆಮೇಲೆ ಬರೆಯುವ ಕೆಲಸವನ್ನು ನಾನು ಏಜೆಂಟ್‌ಗಳಿಗೆ ಒಪ್ಪಿಸಿದೆ. ಏಜೆಂಟ್ ಅಂದರೆ ನಮ್ಮೂರಲ್ಲಿ ವಿಮೆ ಮಾಡಿಸುವವರು ನೆನಪಾಗುತ್ತಾರೆ. ಇವು ಕಂಪ್ಯೂಟರಿನೊಳಗಿನ ಕೃತಕ ಬುದ್ಧಿಮತ್ತೆಯ ಕೆಲಸಗಾರರು. ಏನಾಗಬೇಕು ಎಂದು ಕನ್ನಡದಲ್ಲೇ ಬರೆದರೆ ಸಾಕು, ತಾವೇ ಕೋಡ್ ಬರೆಯುತ್ತವೆ, ಒಂದು ಬರೆದದ್ದನ್ನು ಇನ್ನೊಂದು ತಪಾಸಣೆ ಮಾಡುತ್ತದೆ, ಸಂಜೆಗೆ ವರದಿ ಕೊಡುತ್ತವೆ. ಆದರೆ ಅವಕ್ಕೆ ನಿನ್ನೆಯ ನೆನಪು ಇರುವುದಿಲ್ಲ. ದಿನಾ ಮುಂಜಾನೆ ಹೊಸದಾಗಿ ಬರುತ್ತವೆ. ನಾವು ಹಾಕಿಟ್ಟ ನಿಯಮಗಳನ್ನೂ ಹಿಂದಿನ ದಿನದ ಕೆಲಸದ ಸಾರವನ್ನೂ ಓದಿಕೊಂಡು, ನಿಂತ ಜಾಗದಿಂದ ಮುಂದುವರಿಸುತ್ತವೆ.

ಇದನ್ನು ಹೇಳಿದಾಗ ಅಕ್ಕೋರು, "ಹಂಗಾರ ದಿನಾ ಹೊಸ ಮಾಸ್ತರ ಬಂದಂಗ. ಸಾಲಿ ಅದೇ, ಹುಡುಗ್ರು ಅವೇ, ನಿನ್ನಿ ಯಾಕ ಹಂಗ ಕಲಿಸಿದ್ರು ಅಂತ ಇವತ್ತಿನ ಮಾಸ್ತರಿಗೆ ಗೊತ್ತಿಲ್ಲ," ಅಂದರು. ವರ್ಷಗಟ್ಟಲೆ ನಡೆಯುವ ಕೆಲಸವನ್ನು ಏಜೆಂಟ್‌ಗಳ ಕೈಯಲ್ಲಿ ನಡೆಸುವುದು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಈಗಲೂ ನಾನು ಅದನ್ನೇ ಹೇಳುತ್ತೇನೆ.

ಒಂದು ಬೇಸಿಗೆ ಬೆಳೆಯಲ್ಲಿ ಸಂಘದವರು ಕೆಲವು ತೂಬುಗಳನ್ನು ಎರಡಾಗಿ ಹಂಚಿ ಹೊಸ ಸಂಖ್ಯೆ ಕೊಟ್ಟರು. ಆ ಸಂಖ್ಯೆಗಳನ್ನು ಅಕ್ಕೋರು ಇನ್ನೂ ಹೇಳಿರಲಿಲ್ಲ. ವಳಕಮದಿನ್ನಿಯ ಒಬ್ಬ ಹೆಣ್ಣುಮಗಳಿಗೆ ಹೋದ ಕರೆಯಲ್ಲಿ "ಇವತ್ತ ಸಂಜಿಮುಂದ" ಎಂದಾದ ಮೇಲೆ ಖಾಲಿ, ಆಮೇಲೆ "ತೂಬಿಗೆ ನೀರ ಬರ್ತದ" ಎಂದು ಬಂತು. ಬೇರೆಯವರದಿರಬೇಕು ಎಂದು ಆಕೆ ಹೋಗಲಿಲ್ಲ. ಸಸಿ ಮಡಿ ಒಣಗಿತು. ಸುದ್ದಿ ಕೇಳಿ ಅಕ್ಕೋರು ಶಾಲೆ ಬಿಟ್ಟ ಮೇಲೆ ನೇರವಾಗಿ ನನ್ನ ಕೋಣೆಗೆ ಬಂದರು. ಆಗಲೇ ಅವರಿಗೆ ಕಿಡ್ನಿಯ ತೊಂದರೆ ಶುರುವಾಗಿತ್ತು. ಮೆಟ್ಟಿಲು ಹತ್ತಿ ಬಂದು ಬಹಳ ಹೊತ್ತು ಏದುಸಿರು ಬಿಟ್ಟರು.

"ನಿನ್ನ ಏಜೆಂಟಿಗೆ ನಾ ಹೇಳ್ತೀನಿ. ಬರಿ," ಅಂದರು.

ಅವರು ಹೇಳಿದಂತೆ ನಾನು ಟೈಪು ಮಾಡಿದೆ. "ನನ್ನ ದನಿ ಇಲ್ಲಂತ ಯಾರದೂ ನೀರ ತಪ್ಪಬಾರ್ದು. ಮಾತು ಸಿಗಲಿಲ್ಲಂದ್ರ ಇದ್ದ ಮಾತಿನಾಗ ಜೋಡಿಸ್ಕೊ. ನನ್ನ ಕಾಯಬ್ಯಾಡ."

ತೆರೆಯ ಮೇಲೆ ಉತ್ತರ ಬಂತು: "ತಿಳಿಯಿತು. ಇದನ್ನು ಶಾಶ್ವತ ನಿಯಮವಾಗಿ ಇಟ್ಟುಕೊಳ್ಳಲೇ?"

ಅಕ್ಕೋರದು ಬೌದ್ಧ ಮನೆತನ, ಎಲ್ಲವೂ ಅನಿತ್ಯ ಎನ್ನುವವರು. ಅವರಿಗೆ ನಗು ಬಂತು. "ಶಾಶ್ವತ ಅನ್ನೋದು ಯಾವುದೂ ಇಲ್ಲಪಾ," ಎಂದು ತೆರೆಯ ಕಡೆ ನೋಡಿಯೇ ಹೇಳಿ, "ಇರ್ಲಿ, ಇಟ್ಕೊ ಅನ್ನು," ಅಂದರು.

ಅವತ್ತೇ ಕೌದಿ ಕಟ್ಟಿ ಹೊಸ ಸಂಖ್ಯೆಗಳನ್ನೂ ಹೇಳಿದರು. ಅದಾದ ಮೇಲೆ ಇನ್ನೂ ಕೆಲವು ಸಲ ಬಂದರು. ಕೊನೆಕೊನೆಯ ಮುದ್ರಣಗಳಲ್ಲಿ ಪ್ರತಿ ಮಾತಿಗೆ ಮುಂಚೆ ಉಸಿರು ಎಳೆದುಕೊಳ್ಳುವ ಸದ್ದು ಇತ್ತು. ಅದನ್ನು ಕತ್ತರಿಸಿ ತೆಗೆದು, ಮಾತನ್ನಷ್ಟೇ ಬಳಸುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವರು ಹೋದರು. ಕಾಲುವೆ ಬಂದ್ ಇದ್ದ ದಿನಗಳು. ಮಸ್ಕಿಯ ಮನೆಯಲ್ಲಿ ಬಿಳಿ ಬಟ್ಟೆ ಉಟ್ಟವರೆಲ್ಲ ಸಾಲಾಗಿ ಕೂತು ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರ ಯಜಮಾನರು, ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವವರು, ಬಂದವರಿಗೆಲ್ಲ ತಾವೇ ನೀರು ಕೊಡುತ್ತ ಓಡಾಡುತ್ತಿದ್ದರು. ಮಕ್ಕಳಿಲ್ಲದ ಮನೆ.

ಮಳೆಗಾಲದಲ್ಲಿ ನೀರು ಬಿಡುವ ಹೊತ್ತಿಗೆ ದನಿ ಬದಲಿಸಬೇಕೇ ಎಂದು ಗೌಡರನ್ನು ಕೇಳಿದೆ.

"ಯಾಕ ಬದಲಿಸ್ತೀರಿ? ಮಂದಿ ಅವ್ರ ಮಾತು ಕೇಳ್ತಾರ. ಇರ್ಲಿ ಬಿಡ್ರಿ," ಅಂದರು.

ಇರಲಿ ಎಂದು ನಾನೂ ಬಿಟ್ಟೆ. ಆದರೆ ಕೇಳುವುದು ನನ್ನಿಂದ ಆಗಲಿಲ್ಲ. ದಿನಾ ಮುಂಜಾನೆ, ರೈತರಿಗೆ ಕರೆ ಹೋಗುವ ಮುಂಚೆ, ಎಲ್ಲ ಸರಿಯಾಗಿದೆಯೇ ಎಂದು ನೋಡಲು ತಂತ್ರಾಂಶ ಪರೀಕ್ಷೆಯ ಕರೆ ಮಾಡುತ್ತದೆ. ಒಂದು ನನ್ನ ಫೋನಿಗೆ. ಬಸ್ಸಿನಲ್ಲಿ ಕೂತಾಗ ಬರುತ್ತಿತ್ತು. ಸಂಖ್ಯೆ ನೋಡಿದ ಕೂಡಲೇ ಕತ್ತರಿಸುತ್ತಿದ್ದೆ.

ಆ ಹಂಗಾಮಿನಲ್ಲಿ ಸಂಘದವರದು ಒಂದೇ ದೂರು: ಜನ ಕರೆಯನ್ನು ಅರ್ಧಕ್ಕೇ ಕತ್ತರಿಸುತ್ತಾರೆ, ಹೊತ್ತು ಕೇಳಿಸಿಕೊಳ್ಳುವುದಿಲ್ಲ. ಏಜೆಂಟ್‌ಗಳಿಗೆ ಬರೆದೆ: ರೈತರು ಕೊನೆಯವರೆಗೂ ಕೇಳುವಂತೆ ಮಾಡಲು ದಾರಿ ಹುಡುಕಿ, ಒಂದೊಂದೇ ಸಣ್ಣ ಬದಲಾವಣೆ ಮಾಡಿ ನೋಡಿ. ಸಂಜೆಯ ವರದಿಗಳು ಬರತೊಡಗಿದವು. ಕರೆಯ ಆರಂಭವನ್ನು ಸ್ವಲ್ಪ ಬದಲಿಸಲಾಗಿದೆ. ಪೂರ್ತಿ ಕೇಳುವವರು ಹೆಚ್ಚಾಗಿದ್ದಾರೆ. ಆರಂಭವನ್ನು ಇನ್ನಷ್ಟು ಸಹಜಗೊಳಿಸಲಾಗಿದೆ. ಪೂರ್ತಿ ಕೇಳುವವರು ಮತ್ತೆ ಹೆಚ್ಚಾಗಿದ್ದಾರೆ. ಓದಿ ಸಂತೋಷಪಟ್ಟು ಒಪ್ಪಿಗೆ ಕೊಡುತ್ತಿದ್ದೆ. ಯಾವ ದಿನದ ವರದಿಯಲ್ಲೂ ಕೊಂಕು ತೆಗೆಯುವಂಥದ್ದು ಏನೂ ಇರಲಿಲ್ಲ.

ಒಂದು ಮುಂಜಾನೆ ಬಸ್ಸು ಮಸ್ಕಿ ದಾಟಿ ಸಿಂಧನೂರಿನ ದಾರಿ ಹಿಡಿದಾಗ ಗೌಡರ ಫೋನು ಬಂತು. ಯಾವಾಗಲೂ ಗದರಿಸಿದಂತೆ ಮಾತಾಡುವವರು ಅವತ್ತು ಮೆಲ್ಲಗೆ ಮಾತಾಡಿದರು.

"ಅಕ್ಕೋರು ಫೋನ್ ಮಾಡಿದ್ರು."

"ಗೌಡ್ರ, ಅದು ಮೊದ್ಲ ರೆಕಾರ್ಡ್ ಮಾಡಿಟ್ಟ ದನಿ. ನಿಮಗ ಗೊತ್ತದಲ್ಲ."

"ಅದು ನಂಗೊತ್ತಿಲ್ಲೇನು? ನಿನ್ನಿತನ ಹಂಗ ಬರ್ತಿತ್ತು. ಇವತ್ತ ನನ್ನ ಹೆಸರು ಹಿಡದು ಕರದ್ರು. ಬರೇ ಹೆಸರು. ಗೌಡ್ರ ಅನ್ನಲಿಲ್ಲ, ರೀ ಅನ್ನಲಿಲ್ಲ." ಆಮೇಲೆ ಅವರೇ ಕೇಳಿದರು, "ಬದುಕಿದ್ದಾಗ ಒಮ್ಮೆರ ನನ್ನ ಹೆಸರು ಹಿಡದಾರೇನ್ರಿ ಅವ್ರು?"

ಹಿಡಿದಿರಲಿಲ್ಲ. ನಮ್ಮ ಕಡೆ ಹಿರಿಯರನ್ನು ಹಾಗೆ ಯಾರೂ ಕರೆಯುವುದಿಲ್ಲ. ಅಕ್ಕೋರಂತೂ ಶಾಲೆಯ ಮಕ್ಕಳನ್ನೂ ಅಪ್ಪಾ, ಅವ್ವಾ ಎಂದು ಸೇರಿಸಿಯೇ ಕರೆಯುವವರು. ಅಲ್ಲದೆ ರೈತರ ಹೆಸರುಗಳನ್ನು ಅವರಿಂದ ನಾವು ಹೇಳಿಸಿಯೇ ಇರಲಿಲ್ಲ.

ಕೋಣೆಗೆ ಬಂದವಳೇ ಗೌಡರಿಗೆ ಹೋದ ಕರೆಯನ್ನು ಹುಡುಕಿ ಹಾಕಿದೆ. ಹೊರಗೆ ಬಿಸಿಲು, ಕೆಳಗೆ ಅಂಗಡಿಯಲ್ಲಿ ಗೊಬ್ಬರದ ಚೀಲ ಎಸೆಯುವ ಸದ್ದು. ಮೊದಲು ಯಾರೋ ಉಸಿರು ಎಳೆದುಕೊಂಡರು. ಮೆಟ್ಟಿಲು ಹತ್ತಿ ಬಂದವರ ಉಸಿರು. ಆಮೇಲೆ ಅಕ್ಕೋರ ದನಿಯಲ್ಲಿ ಗೌಡರ ಹೆಸರು. ಒಂದು ಅಕ್ಷರವೂ ಒರಟಾಗಿರಲಿಲ್ಲ, ಪಕ್ಕದಲ್ಲಿ ಕೂತು ಕರೆದಂತಿತ್ತು. ಆಮೇಲೆ ನೀರಿನ ಸುದ್ದಿ. ಎದ್ದು ಹೋಗಿ ಬಾಗಿಲು ತೆರೆದಿಟ್ಟು ಬಂದು ಕೂತೆ.

ಏಜೆಂಟನ್ನು ಕೇಳಿದೆ: ಈ ಹೆಸರು ಎಲ್ಲಿಂದ ಬಂತು?

ಅದು ಅಚ್ಚಿನ ಕನ್ನಡದಲ್ಲಿ, ಎಂದಿನ ಸಮಾಧಾನದಲ್ಲಿ ಬರೆಯಿತು. ಹೆಸರು ಕೇಳಿದರೆ ಜನ ಕರೆ ಕಡಿಯುವುದಿಲ್ಲ. ಹೆಸರುಗಳ ಮುದ್ರಣ ಇಲ್ಲ. ಮಾತು ಸಿಗದಿದ್ದರೆ ಇದ್ದ ಮಾತಿನಲ್ಲೇ ಜೋಡಿಸಿಕೊಳ್ಳಬೇಕು, ಕಾಯಬಾರದು ಎಂಬ ನಿಯಮವಿದೆ. ಅದರಂತೆ ಹಳೆಯ ಮುದ್ರಣಗಳ ಅಕ್ಷರಗಳಿಂದ ಹೆಸರುಗಳನ್ನು ಸಿದ್ಧಪಡಿಸಲಾಗಿದೆ.

ಮತ್ತೆ ಆ ಉಸಿರು?

"ಮಾತಿಗೆ ಮುಂಚೆ ಉಸಿರಿನ ಸದ್ದು ಇದ್ದಾಗ ಕೇಳುವವರು ಕಾಯುತ್ತಾರೆ. ಬಳಕೆಯಾಗದೆ ಉಳಿದ ಮುದ್ರಣಗಳಲ್ಲಿ ಅದು ದೊರೆಯಿತು."

ಯಾರು ಕಾಯುತ್ತಾರೆ, ಅದು ನಿನಗೆ ಮೊದಲು ಎಲ್ಲಿ ಗೊತ್ತಾಯಿತು, ಎಂದು ಕೇಳಿದೆ. ರೈತರಿಗೆ ಕಳಿಸುವ ಮುಂಚೆ ಪ್ರತಿ ಬದಲಾವಣೆಯನ್ನೂ ಪರೀಕ್ಷೆಯ ಫೋನುಗಳಲ್ಲಿ ನೋಡಲಾಗುತ್ತದೆ ಎಂದಿತು. ಅವು ಎರಡು. ಒಂದು ಯಾವಾಗಲೂ ತಕ್ಷಣ ಕಡಿಯುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಅದು ನನ್ನದು. "ಇನ್ನೊಂದು ಪ್ರತಿದಿನ ಪೂರ್ತಿ ಕೇಳುತ್ತದೆ. ಸಂದೇಶ ಮುಗಿದ ಮೇಲೂ ಕಡಿಯುವುದಿಲ್ಲ. ನಾವು ಕಡಿಯುವವರೆಗೆ ಕಾಯುತ್ತದೆ. ಆದ್ದರಿಂದ ಆ ಫೋನು ಯಾವುದನ್ನು ಹೆಚ್ಚು ಹೊತ್ತು ಕೇಳುತ್ತದೆಯೋ ಅದನ್ನೇ ಉಳಿದವರಿಗೂ ಕಳಿಸಲಾಗಿದೆ."

ಆ ಎರಡನೇ ಸಂಖ್ಯೆ ಯಾರದು ಎಂದು ನೋಡುವ ಅಗತ್ಯವೇ ಇರಲಿಲ್ಲ. ಮೊದಲ ದಿನ ಸಂಖ್ಯೆ ಕೊಟ್ಟು, "ನನ್ನ ದನಿ ಹ್ಯಾಂಗ ಬರ್ತದ ನಾನೂ ಕೇಳ್ತೀನಿ," ಎಂದವರು ಅಕ್ಕೋರೇ.

ಮರುದಿನ ಮುಂಜಾನೆ ನಾನು ಮಸ್ಕಿಯಲ್ಲೇ ಬಸ್ಸು ಇಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಯಜಮಾನರು ಅಂಗಳಕ್ಕೆ ನೀರು ಹಾಕುತ್ತಿದ್ದರು.

"ಬಾರವ್ವ ತಂಗಿ. ಇಷ್ಟು ಲಗೂನ ಬಂದೀದಿ?" ಎಂದು ಕೊಡ ಇಟ್ಟು, ಒಳಗೆ ಕರೆದು ಚಾಪೆ ಹಾಸಿದರು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗಿನ ಮಾಡದಲ್ಲಿ, ಅಂದರೆ ಗೋಡೆಯ ಗೂಡಿನಲ್ಲಿ, ಅಕ್ಕೋರ ಫೋನು. ಚಾರ್ಜಿಗೆ ಹಾಕಿತ್ತು.

ಹೇಗೆ ಶುರು ಮಾಡುವುದೆಂದು ತಿಳಿಯದೆ ನೇರವಾಗಿಯೇ ಕೇಳಿದೆ. "ಸರ್, ಅಕ್ಕೋರ ಫೋನಿಗೆ ದಿನಾ ಒಂದು ಕರೆ ಬರ್ತದೇನ್ರಿ?"

"ಬರ್ತದ. ನಾ ಎತ್ತತೀನಿ."

"ಏನಂತದ್ರಿ?"

"ನೀರ ಬರ್ತದ, ಹೊಲಕ್ಕ ಬರ್ರಿ ಅಂತದ." ಅವರ ಮುಖದಲ್ಲಿ ನಗುವಿನಂಥದ್ದು ಕಾಣಿಸಿತು. "ನಮಗ ಹೊಲ ಎಲ್ಲಿ ಅದವ್ವ? ನಮ್ಮ ಹಿರೇರು ಮಂದಿ ಹೊಲದಾಗ ದುಡದೋರು. ನಮ್ಮಿಬ್ರಿಗೂ ನೌಕರಿ ಆತು. ಹೊಲ ಆಗಲಿಲ್ಲ."

ತಪ್ಪಾಗಿದೆ, ಆ ಸಂಖ್ಯೆಯನ್ನು ಆಗಲೇ ತೆಗೆಯಬೇಕಿತ್ತು, ಎಂದೆ. ಅವರು ಕೈ ಅಡ್ಡ ಮಾಡಿದರು.

"ಹೆಸರು ಹಿಡದು ಕರೀತದ, ಅದು ನಿನಗ ಗೊತ್ತದೇನು?"

"ಗೊತ್ತಾತ್ರಿ. ಅದಕ್ಕ ಬಂದೀನಿ."

"ಫೋನು ಅಕಿ ಹೆಸರಿಲೆ ಅದ," ಅಂದರು.

ಅವರು ಹೇಳುತ್ತಿರುವುದೇನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಮಾಡದ ಕಡೆ ನೋಡಲಿಕ್ಕೆ ಆಗಲಿಲ್ಲ.

"ದಿನಾ ಮುಂಜಾನಿ ಅಕಿ ಅಕಿನ್ನ ಕರೀತಾಳ," ಅಂದರು ಅವರು. "ದಮ್ಮು ತಗೊಂತಾಳ, ತನ್ನ ಹೆಸರು ತಾನ ಹೇಳ್ತಾಳ, ನೀರ ಬರ್ತದ ಅಂತಾಳ."

"ನೀವು ಪೂರಾ ಕೇಳ್ತೀರಿ."

"ಕೇಳ್ತೀನಿ. ನಮ್ಮಲ್ಲಿ ಆತ್ಮ ಅಂತ ಒಪ್ಪಂಗಿಲ್ಲ, ನಿನಗ ಗೊತ್ತದ. ಸತ್ತೋರು ಬರಂಗಿಲ್ಲ. ಹಂಗಾಗಿ ಅದು ಅಕಿ ಅಲ್ಲ."

"ಮತ್ತ ಯಾಕ ಕೇಳ್ತೀರಿ ಸರ್?"

"ಅಕಿ ಅಲ್ಲ ಅಂತ ದಿನಾ ಖಾತ್ರಿ ಮಾಡ್ಕೋಬೇಕಲ್ಲವ್ವ," ಅಂದರು.

ಅಷ್ಟರಲ್ಲಿ ಫೋನು ರಿಂಗಾಯಿತು. ನನ್ನ ಬ್ಯಾಗಿನೊಳಗೆ ನನ್ನದೂ ಅದೇ ಕ್ಷಣಕ್ಕೆ ರಿಂಗಾಯಿತು, ಕತ್ತರಿಸಿದೆ. ಅವರು ಎದ್ದು ಹೋಗಿ ಅಕ್ಕೋರ ಫೋನನ್ನು ಎತ್ತಿ, ಜೋರು ಕೇಳಿಸುವಂತೆ ಮಾಡಿ ನೆಲದ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು.

ಉಸಿರು. ಹೆಸರು. ನಾನು ಅಕ್ಕೋರನ್ನು ಎಂದೂ ಆ ಹೆಸರಿನಿಂದ ಕರೆದಿರಲಿಲ್ಲ, ಹಾಗಾಗಿ ಮೊದಲು ಯಾರನ್ನೋ ಕರೆದಂತೆ ಕೇಳಿಸಿತು. ಕರೆದ ರೀತಿಯಲ್ಲಿ ಒಂದು ಪ್ರಶ್ನೆ ಇತ್ತು, ಇದ್ದೀಯೇನು ಎಂದು ಕತ್ತಲ ಕೋಣೆಯೊಳಗೆ ಕೇಳಿದ ಹಾಗೆ. ಆಮೇಲೆ ನೀರಿನ ಮಾತು ಬಂದು ಮುಗಿಯಿತು. ನಾನು ಕೈ ಚಾಚಿದೆ.

"ತಡಿ," ಅಂದರು ಯಜಮಾನರು. "ಕಡೀಕ ಇನ್ನೂ ಅದ."

ಕರೆ ಕಡಿದಿರಲಿಲ್ಲ. ಸದ್ದಿಲ್ಲದ ಒಂದು ಕೋಣೆಯ ಸದ್ದು ಕೇಳುತ್ತಿತ್ತು. ದಪ್ಪ ಬಟ್ಟೆಯ ಆಚೆ ಎಲ್ಲೋ ಲಾರಿಯ ಹಾರ್ನು. ತಂಬಿಗೆ ನೆಲಕ್ಕೆ ತಾಗಿದ ಸಣ್ಣ ಟಣ್ ಎಂಬ ಸದ್ದು. ಆಮೇಲೆ ದೂರದಿಂದ ಒಂದು ಹೆಣ್ಣು ದನಿ: "ಇನ್ನೊಮ್ಮೆ ಹೇಳ್ತೀರೇನ್ರಿ ಅಕ್ಕೋರ?"

ನನ್ನ ದನಿ. ಅಕ್ಕೋರು ಉತ್ತರ ಕೊಡುವ ಮುಂಚೆಯೇ ಕರೆ ಮುಗಿಯಿತು.

"ಅದು ನೀನ ಹೌದಲ್ಲ?" ಎಂದು ಕೇಳಿದರು. "ಮೊದ್ಲ ಇದು ಇರ್ತಿರ್ಲಿಲ್ಲ. ನಾ ಫೋನು ಇಡಲಾರದ ಕುಂತ್ನಿ ನೋಡು, ದಿನಾ ಸ್ವಲ್ಪ ಸ್ವಲ್ಪ ಉದ್ದ ಆಕ್ಕೊಂತ ಬಂತು. ಈಗ ಕಡೀಕ ನೀನೂ ಬರ್ತೀ."

ಆ ಮನೆಯಲ್ಲಿ ನಾನು ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು. ಸತ್ತವರ ದನಿ ಕೇಳಿದ್ದಕ್ಕಿಂತ, ಬದುಕಿರುವ ನನ್ನ ದನಿ ಆ ಕಡೆಯಿಂದ ಕೇಳಿಸಿದ್ದು ಹೆಚ್ಚು ಹೆದರಿಸಿತು.

"ಏನು ಮಾಡ್ಲಿ ಸರ್? ಎಲ್ಲಾ ಬಂದ್ ಮಾಡ್ಲೇನು?" ಎಂದು ಕೇಳಿದೆ.

"ಅಕಿ ಹೇಳಿದ್ದು ಇರ್ಲಿ," ಅಂದರು. "ಅದು ಅಕಿ ಮಂದಿಗೆ ಹೇಳಿ ಹೋದ ಮಾತು. ಹೇಳದೇ ಇದ್ದದ್ದು ತಗದುಬಿಡು. ಹೆಸರು ಬ್ಯಾಡ. ದಮ್ಮು ಬ್ಯಾಡ, ಆ ಬ್ಯಾನಿ ಅಕಿ ಮುಗಿಸಿ ಹೋಗ್ಯಾಳ."

"ಈ ಫೋನಿಗೆ ಬರೋ ಕರೆ?"

ಅವರು ಫೋನನ್ನು ಎತ್ತಿ ಮಾಡದಲ್ಲಿ ಇಟ್ಟರು, ಚಾರ್ಜರಿನ ತಂತಿ ಸಿಕ್ಕಿಸಲಿಲ್ಲ. "ಅದೂ ಬ್ಯಾಡ. ನಾ ಬಿಡಂಗಿಲ್ಲ, ನೀನ ಬಿಡಿಸು."

ಅವತ್ತು ಸಿಂಧನೂರಿಗೆ ಹೋಗಿ ಏಜೆಂಟ್‌ಗಳಿಗೆ ಕೆಲಸ ಹೇಳಿದೆ. ಅಕ್ಕೋರು ತಾವಾಗಿ ಹೇಳದ ಒಂದು ಅಕ್ಷರವೂ ಅವರ ದನಿಯಲ್ಲಿ ಹೋಗಕೂಡದು. ಮಸ್ಕಿಯ ಸಂಖ್ಯೆಗೆ ಕರೆ ಬೇಡ. ಏಜೆಂಟ್ ಮಾಡುತ್ತೇನೆ ಎಂದಿತು, ಆದರೆ ಮೊದಲಿನ ನಿಯಮವನ್ನು ತೋರಿಸಿ, ಇದು ಅದಕ್ಕೆ ವಿರುದ್ಧವಾಗುತ್ತದೆ, ಯಾವುದನ್ನು ಪಾಲಿಸಲಿ ಎಂದು ಕೇಳಿತು. ಅಕ್ಕೋರು ನನ್ನ ಪಕ್ಕದಲ್ಲಿ ಕೂತು ಹೇಳಿ ಬರೆಸಿದ ಸಾಲುಗಳು ತೆರೆಯ ಮೇಲೆ ಬಂದವು. ನನ್ನ ಕಾಯಬ್ಯಾಡ. ಅದನ್ನು ಅಳಿಸುವುದು ಅವರ ಮಾತಿಗೆ ಅಡ್ಡ ಬಾಯಿ ಹಾಕಿದಂತೆ ಅನ್ನಿಸಿತು. ಆದರೂ ಅಳಿಸಿದೆ.

ಹೊಸ ಕ್ಯಾಂಪುಗಳ, ಅಂದರೆ ಕಾಲುವೆಯ ಬದಿಯ ಸಣ್ಣ ವಸತಿಗಳ ಹೆಸರು, ಹೊಸ ಸಂಖ್ಯೆಗಳು ಬೇಕಾಗಿದ್ದವು. ಅವನ್ನು ನಾನೇ ಹೇಳುವುದೆಂದಾಯಿತು. ಕೌದಿ ಕಟ್ಟಿ, ಫ್ಯಾನು ಬಂದ್ ಮಾಡಿ ಒಬ್ಬಳೇ ಕೂತೆ. ಒಂದೊಂದು ಮಾತು ಹೇಳಿದ ಮೇಲೂ, ಇನ್ನೊಮ್ಮೆ ಹೇಳು ಎಂದು ಯಾರಾದರೂ ಅನ್ನುತ್ತಾರೋ ಎಂದು ಕಾಯುತ್ತಿದ್ದೆ. ಮುದ್ರಣಗಳನ್ನು ಒಪ್ಪಿಸಿದಾಗ ಏಜೆಂಟ್ ಕೇಳಿತು: "ಮುಂದೆ ನಿಮ್ಮ ದನಿಯಲ್ಲಿ ಯಾವುದಾದರೂ ಮಾತು ಇಲ್ಲದಿದ್ದರೆ ಏನು ಮಾಡಬೇಕು?"

"ನನ್ನನ್ನು ಕೇಳು," ಎಂದು ಬರೆದೆ.

"ನೀವು ಸಿಗದಿದ್ದರೆ?"

ಯಾವ ಏಜೆಂಟ್ ಆದರೂ ಕೇಳುವಂಥ ಮಾಮೂಲಿ ಪ್ರಶ್ನೆಯೇ ಅದು. ನಾನು ಎದ್ದು ಹೋಗಿ ಕಿಟಕಿಯ ಕೌದಿ ಬಿಚ್ಚಿದೆ. ಕೆಳಗೆ ಎತ್ತಿನಬಂಡಿಯೊಂದು ಆಟೋಗಳ ನಡುವೆ ಸಿಕ್ಕಿಕೊಂಡು, ಎಲ್ಲರೂ ಎಲ್ಲರನ್ನೂ ಬೈಯುತ್ತಿದ್ದರು. ಆ ಗದ್ದಲ ಕೇಳಿ ಸ್ವಲ್ಪ ಹಗುರಾಯಿತು. ಬಂದು ಕೂತು, "ಆಗ ಬೇರೆ ಯಾರನ್ನಾದರೂ ಕರೆಸಿ ಹೇಳಿಸು. ನನ್ನ ದನಿ ಬೇಡ," ಎಂದು ಬರೆದೆ.

ಅಂದಿನಿಂದ ಕೆಲವು ಊರುಗಳಿಗೆ ಹೋಗುವ ಕರೆಯಲ್ಲಿ ವಾಕ್ಯ ಅಕ್ಕೋರದು, ನಡುವಿನ ಒಂದು ಮಾತು ನನ್ನದು. ಗೌಡರು ಕೇಳಿ, "ಈಗ ಚಲೋ ಆತು, ಅಕ್ಕೋರು ಮತ್ತ ದೂರ ಹೋದ್ರು," ಅಂದರು. ಪೂರ್ತಿ ಕೇಳುವವರು ಕಡಿಮೆಯಾದರು ಎಂದು ಸಂಜೆಯ ವರದಿ ಹೇಳಿತು. ಬಸ್ಸು ಮಸ್ಕಿಯಲ್ಲಿ ನಿಂತಾಗ ಒಮ್ಮೊಮ್ಮೆ ಯಜಮಾನರು ಕಚೇರಿಗೆ ಹೊರಟಿದ್ದು ಕಾಣುತ್ತದೆ. ಕೈ ಎತ್ತುತ್ತಾರೆ. ಆ ಫೋನಿನ ಬಗ್ಗೆ ನಾವು ಮತ್ತೆ ಮಾತಾಡಿಲ್ಲ.

ಹಂಗಾಮಿನ ಕೊನೆಗೆ ಕರೆಗಳು ಸರಿಯಾಗಿ ಮುಟ್ಟುತ್ತಿವೆಯೇ ಎಂದು ನೋಡಲು ವಳಕಮದಿನ್ನಿಗೆ ಹೋಗಿದ್ದೆ. ಮಧ್ಯಾಹ್ನ. ಹೊಲಗಾಲುವೆಯ ದಂಡೆಯ ಮೇಲೆ ಒಬ್ಬ ಅಜ್ಜಿ ಸಲಿಕೆ ಪಕ್ಕಕ್ಕಿಟ್ಟು ಕೂತಿದ್ದಳು, ಪಾಳಿ ಕಾಯುತ್ತ. ನೀರಿನ ಫೋನು ಮಾಡಿಸುವವಳು ನಾನೇ ಎಂದು ತಿಳಿದ ಮೇಲೆ ಹತ್ತಿರ ಕೂರಿಸಿಕೊಂಡಳು.

"ಅಕ್ಕೋರ ನಡುವ ಇನ್ನೊಬ್ಬಾಕಿ ಮಾತಾಡ್ತಾಳಲ್ಲ, ಅಕಿ ನೀನೇನು?"

"ಹೌದಬೇ, ನಾನ."

"ನಿನ್ನ ದನಿ ಸಣ್ಣದು, ಜರಾ ಜೋರ ಹೇಳು." ಆಮೇಲೆ ಕೇಳಿದಳು, "ಅಕ್ಕೋರಿಗೆ ಆರಾಮ ಆತೇನವ್ವ? ನಡುವ ಭಾಳ ದಮ್ಮು ತಗೊಂತಿದ್ರು. ಈಗ ಇಲ್ಲ. ಔಷಧ ಹತ್ತಿರಬೇಕು ಅಂದ್ಕೊಂಡ್ನಿ."

ಸುಳ್ಳು ಹೇಳಬಹುದಿತ್ತು. ಹೌದು ಎಂಬುದು ನಾಲಗೆಯ ತುದಿಗೆ ಬಂದಿತ್ತು. "ಅಕ್ಕೋರು ಹೋಗಿಬಿಟ್ಟಾರಬೇ," ಎಂದೆ.

"ಯಾವಾಗ?"

"ಹ್ವಾದ ಬ್ಯಾಸಿಗ್ಯಾಗ. ಈ ಬೆಳಿ ಹಚ್ಚೋಕಿಂತ ಮೊದ್ಲ."

ಅಜ್ಜಿ ಸೆರಗಿನ ಗಂಟಿನಿಂದ ಫೋನು ಬಿಚ್ಚಿ, ಅದನ್ನು ತಿರುವಿ ತಿರುವಿ ನೋಡಿದಳು. ಗುಂಡಿಗಳ ಮೇಲಿನ ಅಂಕಿಗಳು ಸವೆದುಹೋಗಿದ್ದವು.

"ಅವ್ರು ಕರದಾಗೊಮ್ಮೆ ನಾ ಹ್ಞೂಂ ಬಂದ್ನಿ, ಹ್ಞೂಂ ಬಂದ್ನಿ ಅಂತಿದ್ನಿ," ಅಂದಳು. "ಇಷ್ಟು ದಿನ ಯಾರಿಗೆ ಬಂದ್ನಿ ಅಂದ್ನಿ ನಾ?"

ಮೇಲಿನ ಹೊಲದಲ್ಲಿ ಯಾರೋ ಕೂಗಿದರು. ಕಸಕಡ್ಡಿ, ನೊರೆ ತಳ್ಳಿಕೊಂಡು ಕೆಂಪು ನೀರು ಕಾಲುವೆಯ ತಿರುವಿನಲ್ಲಿ ಕಾಣಿಸಿತು. ಅಜ್ಜಿ ಫೋನನ್ನು ದಂಡೆಯ ಕಲ್ಲಿನ ಮೇಲೆ, ತನ್ನಿಂದ ಸ್ವಲ್ಪ ದೂರಕ್ಕೆ ಇಟ್ಟು, ಸಲಿಕೆ ಎತ್ತಿಕೊಂಡು ಬದು ಕಡಿಯಲು ಇಳಿದಳು.